‘ರೀಸೆಟ್ ಮಾಡಿ’ ಅನ್ನುವ ಮೊದಲು ನಾಲ್ಕು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಆರೋಗ್ಯದ ಪ್ರಶ್ನೆಗೆ ಡಾಕ್ಟರು ಉತ್ತರ ಕೊಡುತ್ತಾರೆ. ಕಾನೂನಿನ ಪ್ರಶ್ನೆಗೆ ವಕೀಲರು ಕೊಡುತ್ತಾರೆ. ಫೋನು, ಕಂಪ್ಯೂಟರು, ಟಿವಿ, ವೈಫೈ ಕೈಕೊಟ್ಟಾಗ ಏನು ಮಾಡಬೇಕು ಅಂತ ಕೇಳಲು ಮಾತ್ರ ಓದುಗರಿಗೆ ಒಂದು ಜಾಗ ಇಲ್ಲ. ಹೊಸ ಮಾಡೆಲ್ ಬಂತು ಅನ್ನುವ ಸುದ್ದಿ ಬೇಕಾದಷ್ಟು ಬರುತ್ತದೆ. ಮನೆಯಲ್ಲಿರುವುದನ್ನು ಸರಿಮಾಡಿಕೊಳ್ಳುವ ಮಾತು ತೀರಾ ಕಡಿಮೆ. ದಯವಿಟ್ಟು ಅಂಥದ್ದೊಂದು ಅಂಕಣ ಶುರು ಮಾಡಿ ಅಂತ ಕೇಳಿಕೊಳ್ಳಲು ಈ ಪತ್ರ. ಆ ಅಂಕಣ ಹೇಗಿರಬೇಕು ಅನ್ನುವ ಬಗ್ಗೆಯೂ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಉತ್ತರ ಕೊಡುವವರು ಮೊದಲು ಪ್ರಶ್ನೆ ಕೇಳಬೇಕು. ಅದಾಗದಿದ್ದರೆ ಅಂಕಣವೇ ಬೇಡ.

ನಾನು ಬಹಳ ವರ್ಷ ಕಂಪ್ಯೂಟರ್ ರಿಪೇರಿ ಮೇಜಿನ ಮುಂದೆ ಕೂತು ಕೆಲಸ ಮಾಡಿದವಳು. ಈಗ ನಿವೃತ್ತಿಯಾಗಿದೆ. ಕರೆಗಳು ಮಾತ್ರ ನಿಂತಿಲ್ಲ. ನೆಂಟರು, ನೆಂಟರ ಪರಿಚಯದವರು, ಹಿಂದೆ ರಿಪೇರಿಗೆ ಬಂದಿದ್ದವರು ಎಲ್ಲರೂ ಫೋನ್ ಮಾಡುತ್ತಾರೆ. ನನಗೆ ಅದು ಖುಷಿಯೇ. ಬೇಜಾರಾಗುವುದು ಬೇರೆ ಕಾರಣಕ್ಕೆ. ಅವರು ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಯಾರೋ ಒಂದು ಸಲಹೆ ಕೊಟ್ಟಾಗಿರುತ್ತದೆ. ಇವರು ಅದನ್ನು ಮಾಡಿಯೂ ಆಗಿರುತ್ತದೆ. ಮೂಲ ತೊಂದರೆಗಿಂತ ಆ ಸಲಹೆಯಿಂದ ಆದ ತೊಂದರೆಯೇ ದೊಡ್ಡದಾಗಿರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಸಲಹೆ ‘ರೀಸೆಟ್ ಮಾಡಿ’. ಅದು ಬಿಟ್ಟರೆ ‘ಹಳೇದಾಯ್ತು, ಹೊಸದು ತಗೊಳ್ಳಿ’. ಎರಡೂ ಕೆಲವು ಸಲ ಸರಿಯೇ. ಆದರೆ ವಿಚಾರಿಸದೆ ಹೇಳುವ ಮಾತುಗಳಲ್ಲ.

ಪರಿಚಯದ ಹಿರಿಯ ಹೆಂಗಸೊಬ್ಬರ ಫೋನು ತುಂಬಾ ನಿಧಾನವಾಗಿತ್ತು. ಮನೆಗೆ ಬಂದಿದ್ದ ಹುಡುಗನೊಬ್ಬ ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟ, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಿಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಫೋನು ಮತ್ತೆ ಶುರುವಾದಾಗ ಹಿಂದೆ ಅದರಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಆ ಖಾತೆ ಮಾಡಿಕೊಟ್ಟವರು ಯಾರು ಅಂತ ಅವರಿಗೆ ನೆನಪಿಲ್ಲ. ಪಾಸ್‌ವರ್ಡ್ ಅಂತೂ ಗೊತ್ತೇ ಇಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಈ ಬೀಗ ಇದೆ. ಕದ್ದ ಫೋನನ್ನು ಕಳ್ಳ ಅಳಿಸಿ ಮಾರಬಾರದು ಅಂತ ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಇಲ್ಲಿ ಮಾತ್ರ ಫೋನಿನ ಒಡತಿಯೇ ಹೊರಗೆ ಉಳಿದರು. ಮೊಮ್ಮಗುವಿನ ಫೋಟೊಗಳೂ ಹೋದವು.

ನಾನು ಅವರನ್ನು ಕೇಳಿದ್ದು ಇಷ್ಟೇ: ‘ನಿಧಾನ ಅಂದಿರಲ್ಲ, ಫೋನು ಅದರ ಜೊತೆಗೆ ಇನ್ನೇನಾದರೂ ಹೇಳುತ್ತಿತ್ತಾ?’ ಅವರು ಕೂಡಲೇ ಹೇಳಿದರು, ‘ಫೋಟೊ ತೆಗೆಯೋಕೆ ಹೋದ್ರೆ ಜಾಗ ಇಲ್ಲ ಅಂತಿತ್ತು.’ ಉತ್ತರ ಅಲ್ಲೇ ಇತ್ತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದ ವಿಡಿಯೊಗಳೆಲ್ಲ ತಾವಾಗಿಯೇ ಸೇವ್ ಆಗಿ ಫೋನು ತುಂಬಿತ್ತು. ಸ್ಟೋರೇಜ್ ಅಂಚಿನವರೆಗೆ ತುಂಬಿದರೆ ಫೋನು ತಡವರಿಸುತ್ತದೆ. ಆ ವಿಡಿಯೊಗಳನ್ನು ಅಳಿಸಿ, ತಾನಾಗಿಯೇ ಸೇವ್ ಆಗುವುದನ್ನು ನಿಲ್ಲಿಸಿದ್ದರೆ ಸಾಕಿತ್ತು. ಆ ಮಾತನ್ನು ಅವರು ಯಾವಾಗ ಬೇಕಾದರೂ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ ಅನ್ನುವ ದೂರು. ಎಲ್ಲಿ ಹೋದರೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಎಚ್ಚರಿಕೆ. ಒಬ್ಬರು ವೈರಸ್ ಅಂದರು. ಇನ್ನೊಬ್ಬರು ಇಂಟರ್‌ನೆಟ್ ಕಂಪನಿಯ ತಪ್ಪು ಅಂದರು. ಮೂರನೆಯವರು ವಿಂಡೋಸ್ ಮತ್ತೆ ಹಾಕಿಸಿ ಅಂದರು. ನಾನು ಕೇಳಿದ್ದು, ಪರದೆಯ ಮೂಲೆಯಲ್ಲಿ ತಾರೀಕು ಎಷ್ಟು ತೋರಿಸುತ್ತಿದೆ ಅಂತ. ಎಷ್ಟೋ ವರ್ಷ ಹಿಂದಿನ ತಾರೀಕು ಇತ್ತು.

ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಮೇಲೆ ನಾಣ್ಯದ ಆಕಾರದ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು ಸಿಆರ್2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಕರೆಂಟ್ ತೆಗೆದಾಗಲೂ ಕಂಪ್ಯೂಟರಿನ ಗಡಿಯಾರ ನಡೆಯುವುದು ಇದರಿಂದ. ಅದು ಸತ್ತರೆ, ಪ್ಲಗ್ ತೆಗೆದು ಹಾಕಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ. ಇನ್ನು ವೆಬ್‌ಸೈಟುಗಳ ವಿಷಯ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಮಾತ್ರ ಅದಕ್ಕೆ ಬೆಲೆ. ಕಂಪ್ಯೂಟರಿನ ತಾರೀಕು ತಪ್ಪಿದ್ದರೆ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ, ಬಾಗಿಲು ಮುಚ್ಚುತ್ತದೆ. ತೊಂದರೆ ಕಾಣುವುದು ಇಂಟರ್‌ನೆಟ್ಟಿನಲ್ಲಿ, ಇರುವುದು ಒಂದು ಸಣ್ಣ ಬ್ಯಾಟರಿಯಲ್ಲಿ. ವಿಂಡೋಸ್ ಮತ್ತೆ ಹಾಕಿಸಿದ್ದರೆ ತಾರೀಕು ತಾತ್ಕಾಲಿಕವಾಗಿ ಸರಿಹೋಗಿ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಗೋಳು. ಆಗ ಆ ಕಂಪ್ಯೂಟರ್ ಗುಜರಿಗೆ ಹೋಗುತ್ತಿತ್ತು, ನನಗೆ ಅನುಮಾನವೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ದೂರಿನ ಮೊದಲ ಸಾಲು ಕೇಳಿ ಉತ್ತರ ಬರೆಯಬಾರದು. ‘ಕಂಪ್ಯೂಟರ್ ಸ್ಲೋ’ ಅಂತ ಒಂದು ಪ್ರಶ್ನೆ ಬಂತು ಅಂತಿಟ್ಟುಕೊಳ್ಳಿ. ಆನ್ ಆಗುವುದೇ ನಿಧಾನವೋ, ಆನ್ ಆದ ಮೇಲೆ ಕೆಲಸ ನಿಧಾನವೋ? ಮೊದಲಿನಿಂದಲೂ ಹೀಗೆಯೋ, ಇತ್ತೀಚೆಗೆ ಶುರುವಾದದ್ದೋ? ಒಂದೇ ಪ್ರೋಗ್ರಾಮ್ ನಿಧಾನವೋ, ಎಲ್ಲವೂ ನಿಧಾನವೋ? ಆನ್ ಆಗುವುದೇ ನಿಧಾನ, ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಅಂತಾದರೆ, ಅದರ ಬದಲು ತಿರುಗುವ ಭಾಗವಿಲ್ಲದ, ಚಿಪ್‌ಗಳಿಂದ ಮಾಡಿದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಕಂಪ್ಯೂಟರ್ ಬೇರೆಯದೇ ಅನ್ನಿಸುವಷ್ಟು ಚುರುಕಾಗುತ್ತದೆ. ಆಟ ಆಡುವಾಗ, ವಿಡಿಯೊ ಕರೆ ಮಾಡುವಾಗ ಹತ್ತು ನಿಮಿಷಕ್ಕೆ ನಿಧಾನವಾಗಿ ಫ್ಯಾನ್ ಜೋರಾಗಿ ಕೂಗಿದರೆ ಅದು ಬಿಸಿಯ ತೊಂದರೆ. ದೂಳು ತುಂಬಿ ಗಾಳಿ ಆಡದೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಅಲ್ಲಿ ಎಸ್‌ಎಸ್‌ಡಿ ಹಾಕಿಸಿ ಪ್ರಯೋಜನ ಇಲ್ಲ. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟು 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಮಾತ್ರ ಇದ್ದರೆ ಇನ್ನೊಂದು ಕಥೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದೆಯೋ, ಮೆಮೊರಿ ತುಂಬಿದೆಯೋ ಅಲ್ಲೇ ಕಾಣುತ್ತದೆ. ಓದುಗರಿಗೆ ಅದರ ಫೋಟೊ ಕಳಿಸಿ ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲೇ ಇನ್ನೊಂದು ಮಾತು ಸೇರಿಸುತ್ತೇನೆ. ‘ದಿನಾ ಆಫ್ ಮಾಡಿ ಆನ್ ಮಾಡ್ತೀನಲ್ಲ’ ಅಂತ ಬಹಳ ಜನ ಹೇಳುತ್ತಾರೆ. ನಿಜ ಹೇಳುತ್ತಾರೆ. ಆದರೆ 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಬಂದಿದೆ. ಅದು ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಗ್ಗೆ ಅಲ್ಲಿಂದಲೇ ಏಳುತ್ತದೆ. ಗಂಟು ಬಿದ್ದ ಡ್ರೈವರ್ (ಪ್ರಿಂಟರ್, ಸೌಂಡ್ ಮುಂತಾದ ಭಾಗಗಳನ್ನು ನಡೆಸುವ ಪ್ರೋಗ್ರಾಮ್) ಗಂಟು ಬಿದ್ದ ಹಾಗೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ದಿನಾ ಆಫ್ ಮಾಡುವವರಿಗೂ ‘ಒಮ್ಮೆ ರೀಸ್ಟಾರ್ಟ್ ಕೊಟ್ಟು ನೋಡಿ’ ಅಂತ ನಾನು ಹೇಳುವುದು ಈ ಕಾರಣಕ್ಕೆ. ಸಲಹೆಯ ಜೊತೆ ಕಾರಣವನ್ನೂ ಹೇಳಿದರೆ ಜನ ನಂಬುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ, ಮನೆಯವರಿಗೂ ಹೇಳಿಕೊಡುತ್ತಾರೆ. ಕಾರಣ ಬಿಟ್ಟ ಸಲಹೆ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ.

ಅಂಕಣದಲ್ಲಿ ಯಾವ ಉತ್ತರಕ್ಕೂ ಮುಂಚೆ ಬರಬೇಕಾದ ಪ್ರಶ್ನೆ ಒಂದಿದೆ: ಒಳಗಿರುವುದು ಬೇರೆ ಕಡೆಯೂ ಇದೆಯಾ? ಫೋಟೊ, ಲೆಕ್ಕ, ಪಾಠದ ಟಿಪ್ಪಣಿ, ಏನೇ ಇರಲಿ. ಯಂತ್ರ ಮತ್ತೆ ಸಿಗುತ್ತದೆ, ಅದು ಸಿಗುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಿಂದ ಟಕ್ ಟಕ್ ಸದ್ದು ಬರುತ್ತಿದೆ ಅಂತ ಫೋನ್ ಮಾಡಿದ್ದಳು. ಅವಳಿಗೆ ಯಾರೋ ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಮ್ ರಾತ್ರಿಯಿಡೀ ಓಡಿಸು ಅಂದಿದ್ದರಂತೆ. ಅದನ್ನು ಮಾಡಬೇಡ, ಈಗಲೇ ಆಫ್ ಮಾಡು ಅಂದೆ. ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ತಲೆ ಓಡಾಡುತ್ತದೆ. ಆ ಸದ್ದು ಬಂದಾಗ ಅದು ಜಾಗ ಹುಡುಕಲಾಗದೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿದೆ ಅಂತ ಅರ್ಥ. ಓಡಿಸಿದಷ್ಟೂ ಹಾಳಾಗುತ್ತದೆ. ಅವಳ ಪ್ರಾಜೆಕ್ಟ್ ಫೈಲುಗಳು ಉಳಿದವು, ಯಾಕೆಂದರೆ ಡಿಸ್ಕಿನಲ್ಲಿ ಉಳಿದಿದ್ದ ಸ್ವಲ್ಪ ಆಯುಷ್ಯವನ್ನು ಫೈಲು ತೆಗೆಯುವುದಕ್ಕೇ ಬಳಸಿಕೊಂಡೆವು. ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ಅಪಾಯ ಇದೆ. ಫೈಲು ಅಳಿಸಿದ ಮೇಲೆ ಆ ಜಾಗವನ್ನು ಡ್ರೈವೇ ಹಿನ್ನೆಲೆಯಲ್ಲಿ ಶುಚಿ ಮಾಡುತ್ತದೆ. ಅಳಿಸಿದ್ದನ್ನು ಮರಳಿ ತರುವ ಅವಕಾಶ ಬಹಳ ಸಲ ಅಲ್ಲಿಗೆ ಮುಗಿಯುತ್ತದೆ. ಇದನ್ನು ಮೊದಲೇ ತಿಳಿದವರು ಎರಡನೆಯ ಪ್ರತಿ ಇಟ್ಟುಕೊಳ್ಳುತ್ತಾರೆ.

ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ತಾನಾಗಿಯೇ ಬಿದ್ದಿರಬಹುದು. ಯಾರದೋ ಮಾತು ಕೇಳಿ ಬಯಾಸ್ (ವಿಂಡೋಸಿಗೂ ಮುಂಚೆ ಓಡಿ ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮ್) ಸೆಟ್ಟಿಂಗ್ ಬದಲಾಯಿಸಿದರೆ, ಮುಂದಿನ ಸಲ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬಯಾಸ್ ಮುಟ್ಟಿ ಅಂತ ಬರೆಯುವವರು ಅದಕ್ಕೆ ಮುಂಚೆ ಆ ಕೀ ಬರೆದಿಟ್ಟುಕೊಳ್ಳಿ ಅಂತ ಬರೆಯದಿದ್ದರೆ ಅದು ಬೇಜವಾಬ್ದಾರಿ. ನಾನು ಇದನ್ನು ಮೆದುವಾಗಿ ಹೇಳುವುದಿಲ್ಲ.

ಸಣ್ಣ ತೊಂದರೆಗಳಿಗೂ ಅಂಕಣದಲ್ಲಿ ಮರ್ಯಾದೆ ಇರಲಿ. ಟಿವಿ ರಿಮೋಟ್ ಕೆಲಸ ಮಾಡುತ್ತಿಲ್ಲವೇ? ಅದರ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಹಳಷ್ಟು ಫೋನುಗಳ ಪರದೆಯ ಮೇಲೆ ಮಿನುಗಿ ಕಾಣುತ್ತದೆ. ಕಂಡರೆ ರಿಮೋಟ್ ಸರಿ ಇದೆ, ಟಿವಿ ಕಡೆ ನೋಡಿ. ಟಿವಿಯಲ್ಲಿ ಸದ್ದು ಇದೆ, ಚಿತ್ರ ಇಲ್ಲವೇ? ಕತ್ತಲೆ ಮಾಡಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಎಲ್‌ಸಿಡಿ ಪರದೆಯ ಹಿಂದಿನ ಬೆಳಕು. ಫೋನು ಚಾರ್ಜ್ ಆಗುತ್ತಿಲ್ಲ ಅಂದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್, ಆಮೇಲೆ ಸಾಕೆಟ್. ಒಂದೊಂದಾಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಜೇಬಿನ ದೂಳು, ಬಟ್ಟೆಯ ನೂಲು ಚಾರ್ಜಿಂಗ್ ರಂಧ್ರದಲ್ಲಿ ಗಟ್ಟಿಯಾಗಿ ಕೂತು ಪಿನ್ ಒಳಗೆ ಪೂರ್ತಿ ಹೋಗದಿರುವುದು ತುಂಬಾ ಸಾಮಾನ್ಯ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು. ಸೂಜಿ, ಪಿನ್ನು ಬೇಡ. ಒಂದೇ ಥರ ಕಾಣುವ ಟೈಪ್-ಸಿ ಕೇಬಲ್‌ಗಳಲ್ಲೂ ವ್ಯತ್ಯಾಸ ಇದೆ. ಕೆಲವು ಚಾರ್ಜ್ ಮಾಡಲು ಚೆನ್ನಾಗಿದ್ದರೂ ಫೈಲು ಕಳಿಸುವಾಗ ಸೆಕೆಂಡಿಗೆ 480 ಮೆಗಾಬಿಟ್ ದಾಟುವುದಿಲ್ಲ. ಹೊಸ ಡ್ರೈವ್ ನಿಧಾನ ಅಂತ ಬೈಯುವ ಮೊದಲು ಕೇಬಲ್ ನೋಡಬೇಕು.

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹುಗಿದಿಡುವ ಸಲಹೆ ಇನ್ನೂ ಓಡಾಡುತ್ತಿದೆ. ಹಾಗೆ ಮಾಡಬೇಡಿ, ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಅಂತ ಆಪಲ್ ಕಂಪನಿಯೇ 2024ರಲ್ಲಿ ಸ್ಪಷ್ಟವಾಗಿ ಬರೆದಿದೆ. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಗಾಳಿ ಆಡುವ ಒಣ ಜಾಗದಲ್ಲಿ ಇಡಿ.

ಕೆಲವು ಪ್ರಶ್ನೆಗಳಿಗೆ ‘ನೀವು ಮುಟ್ಟಬೇಡಿ’ ಅನ್ನುವುದೇ ಉತ್ತರ. ಬ್ಯಾಟರಿ ಉಬ್ಬಿ ಫೋನಿನ ಹಿಂಬದಿ ಎದ್ದಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಅದು ಹೊತ್ತಿಕೊಳ್ಳಬಹುದು. ಮೈಕ್ರೋವೇವ್ ಒಲೆಯ ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಧೈರ್ಯ ತುಂಬುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಈ ಮಾತು ಎಷ್ಟು ಜೋರಾಗಿ ಹೇಳಬೇಕೋ ಅಷ್ಟು ಜೋರಾಗಿ ಹೇಳುವುದಿಲ್ಲ.

ಇನ್ನು ‘ಹೊಸದು ತಗೊಳ್ಳಿ’ ಅನ್ನುವ ಸಲಹೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಗ ನನಗೆ ಬಂದ ಕರೆಗಳಲ್ಲಿ ಭಯ ಇತ್ತು. ನಾಳೆಯಿಂದ ಕಂಪ್ಯೂಟರ್ ಆನ್ ಆಗುವುದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಅದು ಸುಳ್ಳು. ಕಂಪ್ಯೂಟರ್ ಮೊದಲಿನ ಹಾಗೇ ನಡೆಯುತ್ತದೆ. ನಿಂತದ್ದು ಮಾಮೂಲಿ ಭದ್ರತಾ ಅಪ್‌ಡೇಟ್. ಅದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಅಪ್‌ಡೇಟ್ ಬೇಕೇ ಬೇಕು. ಆದರೆ ದಾರಿಗಳಿವೆ. ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಹಾಕಿಕೊಳ್ಳಬಹುದು. ಮನೆ ಬಳಕೆದಾರರಿಗೂ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿತು. ಇಂಟರ್‌ನೆಟ್, ಟೈಪಿಂಗ್, ವಿಡಿಯೊ ನೋಡುವುದು ಇಷ್ಟೇ ಕೆಲಸ ಅಂತಾದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಧಾರಾಳವಾಗಿ ಸಾಕು. ಯಾವುದು ಸರಿ ಅನ್ನುವುದು ಆ ಕಂಪ್ಯೂಟರಿನಿಂದ ಏನು ಮಾಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಮತ್ತೆ ಅದೇ, ಕೇಳಬೇಕು.

ಸರಿಯಾದ ಜಾಗದಲ್ಲಿ ಸಲಹೆ ಸಿಗದಿದ್ದಾಗ ಜನ ಎಲ್ಲಿಗೆ ಹೋಗುತ್ತಾರೆ ಅನ್ನುವುದು ನನ್ನ ದೊಡ್ಡ ಚಿಂತೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಸಿಗುವ ನಂಬರುಗಳಲ್ಲಿ ಮೋಸಗಾರರು ಹಾಕಿದವೂ ಇರುತ್ತವೆ. ಇಲ್ಲವೇ ಪರದೆ ತುಂಬ ಕೆಂಪು ಎಚ್ಚರಿಕೆ ಬರುತ್ತದೆ, ಸೈರನ್ ಕೂಗುತ್ತದೆ, ಕೆಳಗೆ ಒಂದು ಫೋನ್ ನಂಬರ್ ಇರುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ. ಆ ಕೆಂಪು ಎಚ್ಚರಿಕೆ ಬರೀ ಒಂದು ವೆಬ್ ಪುಟ. ಆಲ್ಟ್ ಮತ್ತು ಎಫ್4 ಒತ್ತಿದರೆ ಬಹಳ ಸಲ ಮುಚ್ಚಿಹೋಗುತ್ತದೆ. ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ನಿಲ್ಲಿಸಬಹುದು. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಆ ನಂಬರಿಗೆ ಫೋನ್ ಮಾಡಿ, ಅತ್ತ ಕಡೆಯವರು ಹೇಳಿದ ಆ್ಯಪ್ ಹಾಕಿಕೊಂಡರು. ತಮ್ಮ ಪರದೆಯನ್ನು ಅವರ ಕೈಗೆ ಕೊಟ್ಟರು. ಮೇಷ್ಟ್ರು ದಡ್ಡರಲ್ಲ. ಬೇರೆ ಯಾರನ್ನು ಕೇಳಬೇಕೋ ಗೊತ್ತಿರಲಿಲ್ಲ, ಅಷ್ಟೇ. ಹೀಗಾದಾಗ ಮೊದಲು ಇಂಟರ್‌ನೆಟ್ ಕಿತ್ತುಹಾಕಬೇಕು. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಬೇಕು, ಪಾಸ್‌ವರ್ಡ್ ಬದಲಿಸಬೇಕು. ಈ ಮೂರು ಮಾತನ್ನು ನಿಮ್ಮ ಅಂಕಣ ಆಗಾಗ ಅಚ್ಚು ಹಾಕಿದರೂ ನನ್ನ ಪಾಲಿಗೆ ಅದು ಸಾರ್ಥಕ.

ಈಗ ಎಐ ಚಾಟ್‌ಬಾಟ್‌ಗಳನ್ನು ಕೇಳುವವರೂ ಜಾಸ್ತಿಯಾಗಿದ್ದಾರೆ. ಕೇಳಲಿ, ಬೇಡ ಅನ್ನುವುದಿಲ್ಲ. ಎರರ್ ಸಂದೇಶದ ಅರ್ಥ ತಿಳಿಯಲು ಅವು ಚೆನ್ನಾಗಿವೆ. ಆದರೆ ನಿಮ್ಮ ಮಾಡೆಲಿನಲ್ಲಿ ಇಲ್ಲದ ಮೆನುವನ್ನು ಇದೆ ಅಂತ ಹೇಳಿ ಹುಡುಕಿಸುವುದೂ ಉಂಟು. ಆಗ ಓದುಗರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ‘ನಂಗೆ ಇದೆಲ್ಲ ಗೊತ್ತಾಗಲ್ಲ, ಕ್ಷಮಿಸಿ’ ಅಂತಲೇ ಶುರುವಾಗುತ್ತವೆ. ಕ್ಷಮೆ ಯಾಕೆ ಕೇಳಬೇಕು? ಮನೆ ನಡೆಸಿದವರು, ಶಾಲೆ ನಡೆಸಿದವರು, ಹೊಲ ನಡೆಸಿದವರು ಇವರು. ಒಂದು ಪೆಟ್ಟಿಗೆ ತನಗೆ ಏನಾಗಿದೆ ಅಂತ ಸರಿಯಾಗಿ ಹೇಳದಿದ್ದರೆ ಅದು ಆ ಪೆಟ್ಟಿಗೆ ಮಾಡಿದವರ ಕೊರತೆ.

2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಅನ್ನುವವರು ರಿಪೇರಿ ಕೆಫೆ ಶುರು ಮಾಡಿದರು. ಅಲ್ಲಿ ಕೆಟ್ಟ ವಸ್ತು ಕೊಟ್ಟು ಹೋಗುವುದಲ್ಲ. ಮಾಲೀಕರು ರಿಪೇರಿ ಮಾಡುವವರ ಪಕ್ಕದಲ್ಲೇ ಕೂರುತ್ತಾರೆ, ನೋಡುತ್ತಾರೆ, ಕೈ ಜೋಡಿಸುತ್ತಾರೆ. ನಂತರ ಅದು ಬಹಳ ದೇಶಗಳಿಗೆ ಹರಡಿತು. ನಾನು ಕೇಳುತ್ತಿರುವುದು ಅದೇ ಗುಣ ಇರುವ ಅಂಕಣ, ಕಾಗದದ ಮೇಲೆ.

ಆದ್ದರಿಂದ ಓದುಗರ ಪ್ರಶ್ನೆ ಕೇಳುವಾಗ ನಾಲ್ಕು ವಿಷಯ ಬರೆಯಲು ಹೇಳಿ. ಯಂತ್ರದ ಮಾಡೆಲ್ ಯಾವುದು. ಪರದೆಯ ಮೇಲೆ ಬಂದ ಸಂದೇಶ ಏನು, ಅಕ್ಷರ ಬಿಡದ ಹಾಗೆ. ಕೆಡುವ ಮುಂಚೆ ಏನು ಬದಲಾಗಿತ್ತು. ಈಗಾಗಲೇ ಏನೇನು ಮಾಡಿ ನೋಡಿದಿರಿ. ಕೊನೆಯದನ್ನು ಜನ ಮುಚ್ಚಿಡುತ್ತಾರೆ, ಬೈಸಿಕೊಳ್ಳುತ್ತೇವೆ ಅಂತ. ಬೈಯುವುದಿಲ್ಲ ಅಂತ ಮೇಲೆಯೇ ಅಚ್ಚು ಹಾಕಿ. ಇಷ್ಟು ಬರೆದರೂ ಸಾಕಾಗದಿದ್ದರೆ ಉತ್ತರದ ಬದಲು ಮರುಪ್ರಶ್ನೆಯನ್ನೇ ಪ್ರಕಟಿಸಿ, ಮುಂದಿನ ವಾರ ಉತ್ತರ ಕೊಡಿ. ಓದುಗರು ಕಾಯುತ್ತಾರೆ. ಉತ್ತರ ಕೊಟ್ಟ ಮೇಲೆ ಅದು ಸರಿಹೋಯಿತೋ ಇಲ್ಲವೋ ಅನ್ನುವುದಕ್ಕೂ ಒಂದು ಮೂಲೆ ಇಡಿ. ಸರಿಹೋಗಲಿಲ್ಲ ಅಂತ ಬಂದ ಪತ್ರವನ್ನೂ ಹಾಕಿ. ಮತ್ತೆ ಒಂದು ಕೋರಿಕೆ: ಯಾವುದೇ ಕಂಪನಿಯ ಜಾಹೀರಾತನ್ನು ಆ ಅಂಕಣದ ಪಕ್ಕದಲ್ಲಿ ಇಡಬೇಡಿ.

ಬರೆಯುವವರು ಸಿಗುವುದಿಲ್ಲ ಅನ್ನುವ ಚಿಂತೆ ಬೇಡ. ನನ್ನಂತೆ ಮೇಜು ಬಿಟ್ಟವರು ಬಹಳ ಜನ ಇದ್ದಾರೆ. ಬೇರೆಯವರು ಸಿಗುವ ತನಕ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ನಿಮ್ಮಿಂದ ಉತ್ತರ ಬಂದರೆ ಮೊದಲ ವಾರದ ಪ್ರಶ್ನೆಗಳನ್ನು ನನಗೆ ಕಳಿಸಿ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಕಂಪ್ಯೂಟರ್ ತಂತ್ರಜ್ಞೆ